ಮೂರು ಚುಕ್ಕಿಯ ರಾಚೆಟ್

ಇವತ್ತು ನಮಾಜ್ ಮುಗಿಸಿ, ನಲ್ಲಿ ಬರುವ ಮೊದಲೇ ಹಂಡೆ, ಕೊಡ ತೊಳೆದಿಟ್ಟೆ. ನೀರು ತುಂಬಿದೆ. ಅಂಗಡಿ ಮುಂದೆ ಗುಡಿಸಿದೆ. ಕಸದಲ್ಲಿ ಮೂರು ಮೊಳೆ, ಒಂದು ವಾಷರ್ ಸಿಕ್ಕವು, ಡಬ್ಬಕ್ಕೆ ಹಾಕಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ನಿನ್ನೆ ಬಂದ ಚೀಲ ಸುರಿದು ಹಿತ್ತಾಳೆ, ಅಲ್ಯುಮಿನಿಯಂ, ತಗಡು ಬೇರೆ ಬೇರೆ ಮಾಡಿದೆ. ನಮ್ಮವರ ಬನಿಯನ್ನಿನ ಹರಕು ಹೊಲಿದೆ. ಕೋಳಿಗೆ ನುಚ್ಚು ಹಾಕಿದೆ. ಆಮೇಲೆ ಹಿತ್ತಲಿನ ನೆರಳಲ್ಲಿ ಚಾಪೆ ಹಾಸಿ, ವರ್ಷಕ್ಕಾಗುವಷ್ಟು ಹೊಸ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯಲು ಕೂತೆ. ಅರ್ಧ ಆಗಿತ್ತು. ಅಷ್ಟರಲ್ಲಿ ಮೇಸ್ತ್ರಿಯ ತಮ್ಮ ಬಂದ. ಕಂಕುಳಲ್ಲಿ ಕಬ್ಬಿಣದ ಪೆಟ್ಟಿಗೆ.

"ಅಕ್ಕಾ, ಅಣ್ಣ ಹೋದ," ಅಂದ. "ಮೊನ್ನೆ. ಲಾರಿ ಅಡಿ ಮಲಗಿದ್ದ, ಜಾಕು ಜಾರ್ತು. ಎದೆ ಮ್ಯಾಲೇ ಕೂತ್ಕಂತು."

ನನ್ನ ಕೈಯೆಲ್ಲ ಹುಣಸೆ. ಒರೆಸಿಕೊಳ್ಳಲು ಬಟ್ಟೆ ಹುಡುಕಿದೆ, ಸಿಗಲಿಲ್ಲ.

"ಏನಾದ್ರೂ ಅಂದ್ರಾ?"

"'ಹೊಸ ಜಾಕು ಕಣ್ಲಾ, ನಂಬಬಾರ್ದಿತ್ತು' ಅಂದ. ಆಮೇಲೆ ಬಾಯಲ್ಲಿ ರಕ್ತ ಬಂತು."

ಮೇಸ್ತ್ರಿಗೆ ಹೊಸದರ ಮೇಲೆ ಎಂದೂ ನಂಬಿಕೆ ಇರಲಿಲ್ಲ.

ಉಪ್ಪಾರಹಳ್ಳಿಯಲ್ಲಿ ನಮ್ಮದು ಗುಜರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮದುವೆಯಾಗಿ ಬಂದ ವಾರಕ್ಕೇ ಅತ್ತೆ ನನ್ನ ಕೈಗೆ ಅಯಸ್ಕಾಂತ ಕೊಟ್ಟು, ಅಂಟುವುದು ಒಂದು ಕಡೆ, ಅಂಟದ್ದು ಒಂದು ಕಡೆ ಅಂತ ಹೇಳಿಕೊಟ್ಟಿದ್ದರು. ಅಂಟುವುದರಲ್ಲೂ ಇಷ್ಟೊಂದು ಜಾತಿ ಇವೆ ಎಂದು ಕಲಿಸಿದವರು ಮೇಸ್ತ್ರಿ. ಕುಣಿಗಲ್ ರಸ್ತೆಯಲ್ಲಿ ಅವರ ಶೆಡ್ಡು, ಲಾರಿ ರಿಪೇರಿ. ಹುಟ್ಟಿದ್ದು ಹುಲಿಯೂರುದುರ್ಗದ ಹತ್ತಿರದ ಹಳ್ಳಿಯಲ್ಲಿ.

ಮೊದಲ ಸಲ ಅವರು ನಮ್ಮ ಅಂಗಡಿಗೆ ಬಂದದ್ದು ಎಪ್ಪತ್ತೊಂದೋ ಎಪ್ಪತ್ತೆರಡೋ. ಯಾರೋ ಒಬ್ಬ ಹಳೇ ನಲ್ಲಿ ಮಾರಲು ತಂದು, ಅದರಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿಣದ ತುಂಡನ್ನು ಬಿಡಿಸಲು ನಮ್ಮ ರಾಶಿಯಿಂದಲೇ ಒಂದು ಹಿಡಿಕೆ ಎತ್ತಿ ಅದರಲ್ಲಿ ಕುಟ್ಟುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಕಪ್ಪು ಎಣ್ಣೆ ಬಟ್ಟೆಯ ಮನುಷ್ಯ ನಿಂತ, ಒಳಗೆ ಬಂದ, ಹಿಡಿಕೆ ಕಿತ್ತುಕೊಂಡ, ಕುಟ್ಟುತ್ತಿದ್ದವನ ಬೆರಳಿನ ಗೆಣ್ಣಿಗೆ ಅದರಿಂದಲೇ ಒಂದು ಬಿಟ್ಟ. ರಕ್ತ ತಕ್ಕಡಿಯ ತಟ್ಟೆಗೆ ಚಿಮ್ಮಿತು.

"ರಾಚೆಟ್ಟಲ್ಲಿ ಸುತ್ತಿಗೆ ಕೆಲ್ಸ ಮಾಡ್ತೀಯೇನ್ಲಾ? ನಿಮ್ಮಪ್ಪ ಮಾಡಿದ್ನಾ?"

ನಮ್ಮವರು ತಕ್ಕಡಿಯ ಕಡ್ಡಿ ಬಿಚ್ಚಿಕೊಂಡು ಹೊಡೆಯಲು ಎದ್ದರು. ಆ ಮನುಷ್ಯ ಆಗಲೇ ನೆಲದ ಮೇಲೆ ಕೂತು, ರಾಚೆಟ್ಟನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು. ಟಿಕ್, ಟಿಕ್, ಟಿಕ್. ಪೆಟ್ಟು ತಿಂದವನು ಒಂದು ಕಡೆ ಅಳುತ್ತಿದ್ದಾನೆ, ನಮ್ಮವರು ಕಡ್ಡಿ ಎತ್ತಿ ನಿಂತಿದ್ದಾರೆ. ಇವರು ಕಣ್ಣು ಬಿಟ್ಟು, "ಸಾಬ್ರೆ, ಇದು ನಂಗ್ ಬೇಕು. ಇಂಗ್ಲೆಂಡಿನದು. ಯುದ್ಧದ ಕಾಲದ್ದು," ಅಂದರು, ಏನೂ ಆಗಿಲ್ಲ ಎಂಬಂತೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಟ್ಟಿನ ಮೇಲೆ ಟೋಪಿಯ ಹಾಗೆ ಕೂರುವುದು ಸಾಕೆಟ್. ಅದನ್ನು ತಿರುಗಿಸುವ ಹಿಡಿಕೆ ರಾಚೆಟ್. ಒಂದು ಕಡೆಗೆ ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಕಡೆಗೆ ಟಿಕ್ ಟಿಕ್ ಎಂದು ಸಡಿಲ ಬಿಡುತ್ತದೆ. ಅದರ ತಲೆ ದುಂಡಗೆ. ತಲೆಯ ಒಂದು ಮಗ್ಗುಲಿಂದ ಚೌಕದ ಮೊಳೆಯೊಂದು ಹೊರಗೆ ಚಾಚಿರುತ್ತದೆ. ಸಾಕೆಟ್ಟನ್ನು ಸಿಕ್ಕಿಸುವುದು ಆ ಚೌಕಕ್ಕೆ. ಒಳಗೆ ಸಣ್ಣ ಸಣ್ಣ ಹಲ್ಲು. ಅದರಲ್ಲಿ ಕುಟ್ಟಿದರೆ ಹಲ್ಲು ಮುರಿಯುತ್ತವೆ, ಆಮೇಲೆ ಅದು ಬರೀ ಕಬ್ಬಿಣ.

ಮೇಸ್ತ್ರಿ ಇಂಥವನ್ನು ಕೂಡಿಡುತ್ತಿದ್ದರು. ಶೆಡ್ಡಿನ ಗೋಡೆಗೆ ನಲವತ್ತಕ್ಕೂ ಹೆಚ್ಚು ಹಿಡಿಕೆ, ಒಂದೊಂದಕ್ಕೂ ಒಂದು ಮೊಳೆ. ಹಳೆಯದಕ್ಕೆ ಹಲ್ಲು ಕಡಿಮೆ, ಸದ್ದು ದಪ್ಪ. ಹೊಸದಕ್ಕೆ ಹಲ್ಲು ಜಾಸ್ತಿ, ಸದ್ದು ಜೀರುಂಡೆಯ ಹಾಗೆ. ಯುದ್ಧದ ಕಾಲದ್ದಕ್ಕೆ ಬಿಳಿ ಹೊಳಪಿನ ಲೇಪ ಇರುವುದಿಲ್ಲ, ಕಪ್ಪಗೆ ಇರುತ್ತದೆ. ಇಂಗ್ಲಿಷಿನವರ ಹಳೇ ಸಾಕೆಟ್ಟಿನ ಮೇಲೆ ಕೊರೆದ ಅಳತೆ ನಟ್ಟಿನದಲ್ಲ, ಬೋಲ್ಟಿನ ಕಾಂಡದ್ದು, ಅಮೆರಿಕದವರದಾದರೆ ನಟ್ಟಿನದೇ. ಹಿಡಿಯ ಗೆರೆ ಯಾವ ಕಡೆ ಸವೆದಿದೆ ಎಂದು ನೋಡಿ, ಇದನ್ನು ಬಳಸುತ್ತಿದ್ದವನು ಎಡಗೈಯವನು ಅನ್ನುತ್ತಿದ್ದರು. ಮೆಕ್ಯಾನಿಕ್ಕುಗಳು ತಮ್ಮ ಸಾಮಾನಿಗೆ ಪಂಚಿನಿಂದ ಚುಕ್ಕಿ ಹೊಡೆದು ಗುರುತು ಮಾಡಿಕೊಳ್ಳುತ್ತಾರಲ್ಲ, ಆ ಗುರುತು ನೋಡಿ, "ಇದು ಗುಬ್ಬಿ ಶೆಡ್ಡಿಂದು", "ಇದರ ಯಜಮಾನ ಸತ್ತವ್ನೆ" ಅಂತ ಹೇಳುತ್ತಿದ್ದರು.

ಆ ಗುರುತು ತುಕ್ಕಿನ ಕೆಳಗೆ ಮುಚ್ಚಿಹೋಗಿರುತ್ತಿತ್ತು. ಅವರು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದರು. ತಾಮ್ರದ ಹಂಡೆಗೆ ಹುಣಸೆ ಹಚ್ಚುವ ನಾನು, ಒಂದು ಸಲ ಸುಮ್ಮನೆ ಹುಣಸೆ ಕಿವುಚಿದ ನೀರಿಗೆ ರಾಚೆಟ್ಟೊಂದನ್ನು ಹಾಕಿಟ್ಟೆ. ಮಾರನೆಯ ದಿನ ತೆಂಗಿನ ನಾರಿನಲ್ಲಿ ತಿಕ್ಕಿದರೆ ತುಕ್ಕೆಲ್ಲ ಬಿಟ್ಟು, ಕೂದಲೆಳೆಯಷ್ಟು ಸಣ್ಣ ಅಕ್ಷರವೂ ಎದ್ದು ಬಂದಿತ್ತು. ಮೇಸ್ತ್ರಿಗೆ ಬಲು ಖುಷಿ. ಅಂದಿನಿಂದ ನಮ್ಮ ಹಿತ್ತಲಲ್ಲಿ ಅದಕ್ಕೇ ಒಂದು ಮಣ್ಣಿನ ಮಡಕೆ. ಚೀಲ ಸುರಿದಾಗ ರಾಚೆಟ್ಟು, ಸಾಕೆಟ್ಟು ಏನೇ ಕಂಡರೂ ನೇರ ಮಡಕೆಗೆ. ಎಷ್ಟೋ ಸಲ ಏನು, ಎತ್ತ ಅಂತ ನೋಡುತ್ತಲೂ ಇರಲಿಲ್ಲ.

ಅವರನ್ನು ಒಳ್ಳೆಯ ಮನುಷ್ಯ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೊಸ ಮಾಲಿಗೆ ಮಸಿ ಬಳಿದು ಯುದ್ಧದ ಮಾಲು ಅಂತ ಮಾರುತ್ತಿದ್ದನಂತೆ. ಇವರು ಅದನ್ನು ಕೈಗೆ ತಗೊಂಡು ತಿರುಗಿಸಿ, "ಇದು ಹೋದ್ ವರ್ಷ ಹುಟ್ಟಿದ್ದು," ಅಂತ ಅವನ ಮೂಗಿಗೆ ಅದರಲ್ಲೇ ಇಟ್ಟರಂತೆ. ಅವನು ಬಿದ್ದವನು ಎದ್ದು ಇವರ ಕಿವಿ ಕಚ್ಚಿದ. ಕಿವಿಯ ಕೆಳಗಿನ ತುಂಡು ಜೋತಾಡುತ್ತಾ ನಮ್ಮ ಮನೆಗೆ ಬಂದು, "ತಂಗವ್ವಾ, ಒಸಿ ಅರಿಶಿಣ ಕೊಡು," ಅಂದರು. ನಾನು ಗಾಬರಿಯಾದರೆ ನಗುತ್ತಾರೆ. "ಇನ್ನೊಂದು ಐತಲ್ಲ ಬುಡವ್ವ. ಹಲ್ಲು ಎಣ್ಸಕ್ಕೆ ಒಂದ್ ಕಿವಿ ಸಾಕು."

ಹೆಂಡತಿ ವಿಷಯವನ್ನೂ ಅವರೇ ಒಂದು ದಿನ ಹೇಳಿದ್ದರು. "ಹೊಡ್ದೆ ಕಣವ್ವ. ಒಂದೇ ಸಲ. ಒಂದೇ ಸಲಕ್ಕೆ ತವರಿಗೆ ಹೊಂಟೋದ್ಲು, ತಿರುಗಿ ನೋಡ್ಲಿಲ್ಲ. ಬುದ್ಧಿವಂತೆ." ಹಾಗೆ ಹೇಳುವಾಗ ಕೈಯಲ್ಲಿ ಒಂದು ಸಾಕೆಟ್ಟನ್ನು ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ಬಂದಿತ್ತು. ಅವತ್ತು ಟೀ ಕೊಡಲಿಲ್ಲ.

ಅವರ ಬಳಿ ಒಂದು ಸೆಟ್ಟಿತ್ತು, ಇವತ್ತು ತಮ್ಮ ತಂದ ಅದೇ ಕಬ್ಬಿಣದ ಪೆಟ್ಟಿಗೆ. ಕುಣಿಗಲ್ಲಿನ ಉಸ್ತಾದರು ಯುದ್ಧ ಮುಗಿಸಿ ಬರುವಾಗ ತಂದದ್ದು. ಅಣ್ಣ ತಮ್ಮ ಇಬ್ಬರೂ ಕೆಲಸ ಕಲಿತದ್ದು ಆ ಉಸ್ತಾದರ ಗ್ಯಾರೇಜಿನಲ್ಲಿ. ಸಾಯುವಾಗ ಉಸ್ತಾದರು ಸೆಟ್ಟನ್ನು ಇಬ್ಬರಿಗೂ ಸೇರಿಸಿ ಕೊಟ್ಟರು. ಒಳಗೆ ಹದಿನೇಳು ಸಾಕೆಟ್ಟು, ಒಂದೊಂದಕ್ಕೂ ಅದರದೇ ಗುಂಡಿ. ಪ್ರತಿಯೊಂದರ ಮೇಲೂ ಉಸ್ತಾದರ ಗುರುತು: ಮೂರು ಚುಕ್ಕಿ, ಕೆಳಗೊಂದು ಗೀಟು. ನಡುವೆ ಒಂದು ಉದ್ದನೆಯ ಗುಂಡಿ ಖಾಲಿ. ರಾಚೆಟ್ಟಿನ ಜಾಗ.

"ಅದೆಲ್ಲೋಯ್ತು?" ಎಂದು ಕೇಳಿದ್ದೆ.

"ನನ್ ತಮ್ಮನ ತಾವ ಐತೆ."

ಕತೆ ಇಷ್ಟು. ತಮ್ಮ ಇಪ್ಪತ್ತರ ವಯಸ್ಸಿನಲ್ಲಿ ಒಂದು ದಿನ ಅವಸರದಲ್ಲಿ ಆ ರಾಚೆಟ್ಟಿನಿಂದ ಒಂದು ಪಿನ್ನು ಕುಟ್ಟಿದ. ಮೇಸ್ತ್ರಿ ಅವನ ಎಡಗೈಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ಅದೇ ರಾಚೆಟ್ಟಿನಲ್ಲಿ ಹೊಡೆದರು. ಎರಡು ಬೆರಳು ಮುರಿದವು, ಮತ್ತೆ ಮಡಚಲಿಲ್ಲ. ಕಟ್ಟು ಬಿಚ್ಚಿದ ದಿನ ತಮ್ಮ ಪೆಟ್ಟಿಗೆಯಿಂದ ರಾಚೆಟ್ಟು ಒಂದನ್ನೇ ಎತ್ತಿಕೊಂಡು, "ನನ್ ಬೆಳ್ಳು ಮುರ್ದಿದ್ದು ಇದು. ಇದು ನಂದು," ಅಂತ ಹೇಳಿ ಹೋದ. ಗುಬ್ಬಿ ಕಡೆ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡ. ಇಬ್ಬರಿಗೂ ಮಾತಿಲ್ಲ. ಗೋಡೆಯ ಮೇಲೆ ಆ ಗುಂಡಿಗೆ ಸರಿಹೊಂದುವ ಹಿಡಿಕೆ ಎಷ್ಟೋ ಇದ್ದವು. ಮೇಸ್ತ್ರಿ ಒಂದನ್ನೂ ಅಲ್ಲಿ ಇಡಲಿಲ್ಲ.

ಎಪ್ಪತ್ತೇಳರ ಸುಮಾರಿಗೆ, ಹೀಗೇ ಹುಣಸೆ ಕಾಲದಲ್ಲಿ, ಸೈಕಲ್ಲಿನಲ್ಲಿ ಗುಜರಿ ತರುವವನು ಗುಬ್ಬಿ ಕಡೆಯಿಂದ ಒಂದು ಚೀಲ ತಂದ. ಸಂಜೆ ಸುರಿದೆ. ಒಂದು ರಾಚೆಟ್ಟು ಸಿಕ್ಕಿತು, ಮೈಯೆಲ್ಲ ಕಂದು ಮೆತ್ತಿಕೊಂಡು. ತಲೆಯ ಸಂದಿಯಲ್ಲಿ ನಾರು ಸಿಕ್ಕಿತ್ತು. ಗೋಣಿ ನಾರು ಅಂದುಕೊಂಡು ಎಳೆದು ಬಿಸಾಕಿದೆ. ಇರುವೆ ಮುತ್ತಿದ್ದವು. ಒದರಿ ಮಡಕೆಗೆ ಹಾಕಿದೆ. ಕೈ ತೊಳೆದು ರೊಟ್ಟಿ ತಟ್ಟಿದೆ.

ಮಾರನೆಯ ದಿನ ಊಟದ ಹೊತ್ತಿಗೆ ತೆಗೆದು ತಿಕ್ಕಿದೆ. ಹಿಡಿಯ ಮೇಲೆ ಒಂದು ಚುಕ್ಕಿ ಬಂತು. ಇನ್ನೊಂದು. ಮೂರನೆಯದು. ಕೆಳಗೆ ಗೀಟು.

ನನಗೆ ಆದ ಸಂತೋಷ ಹೇಳಲಾರೆ. ಇಷ್ಟು ವರ್ಷ ಖಾಲಿ ಇದ್ದ ಗುಂಡಿ ನನ್ನ ಕೈಯಿಂದ ತುಂಬುತ್ತದೆ ಎಂದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟು, ಮೇಸ್ತ್ರಿ ಯಾವಾಗ ಬರುತ್ತಾರೋ ಎಂದು ಬಾಗಿಲು ನೋಡುತ್ತಾ ಕೂತೆ. ಮೂರು ಗಂಟೆಯ ಹೊತ್ತಿಗೆ ಬಂದರು. ಮುಖ ಸುಟ್ಟ ಹಾಗಿತ್ತು. ನಾನು ಅದನ್ನು ನೋಡಿದೆ, ಲೆಕ್ಕಕ್ಕೆ ತಗೊಳ್ಳಲಿಲ್ಲ.

"ಮೇಸ್ತ್ರಣ್ಣ, ಕಣ್ಣು ಮುಚ್ಚಿ. ಕೈ ಚಾಚಿ."

ಮುಚ್ಚಿದರು, ಚಾಚಿದರು. ಅಂಗೈ ಮೇಲೆ ಇಟ್ಟೆ. ಹೆಬ್ಬೆರಳು ಹಿಡಿಯ ಮೇಲೆ ಸರಿಯಿತು, ಚುಕ್ಕಿಗಳ ಮೇಲೆ ನಿಂತಿತು. ಕಣ್ಣು ತೆರೆಯಲಿಲ್ಲ. ಕಿವಿಯ ಹತ್ತಿರ ತಂದು ತಿರುಗಿಸಿದರು. ಸದ್ದೇ ಬರಲಿಲ್ಲ. ಒಳಗೆ ಹಲ್ಲು ಮುರಿದಿದ್ದವು.

"ಎಲ್ ಸಿಕ್ತು?"

"ಗುಬ್ಬಿ ಚೀಲದಲ್ಲಿ."

"ತೊಳ್ದ್ಯಾ?"

"ರಾತ್ರಿಯೆಲ್ಲ ನೆನೆದಿತ್ತು. ನೋಡಿ, ಎಷ್ಟು ಚೆನ್ನಾಗಿ ಬಂದಿದೆ."

"ಏನಾದ್ರೂ ಅಂಟ್ಕಂಡಿತ್ತಾ?"

"ಗೋಣಿ ನಾರು."

ಆಗ ಕಣ್ಣು ಬಿಟ್ಟರು. "ಅದು ಗೋಣಿ ನಾರಲ್ಲ ಕಣವ್ವ."

ಬೆಳಿಗ್ಗೆಯೇ ಗುಬ್ಬಿ ಬಸ್ಸಿನ ಕಂಡಕ್ಟರು ಅವರಿಗೆ ಸುದ್ದಿ ಹೇಳಿದ್ದ. ರಸ್ತೆ ಬದಿಯಲ್ಲಿ ಒಬ್ಬ ಲಾರಿ ಡ್ರೈವರಿಗೆ ಯಾರೋ ತಲೆಗೆ ಹೊಡೆದಿದ್ದಾರೆ, ಮೂರು ದಿನ ಆಸ್ಪತ್ರೆಯಲ್ಲಿ ಗೊರಗುಟ್ಟಿ ಸತ್ತ. ಬುರುಡೆಯಲ್ಲಿ ಚೌಕದ ತೂತು. ಹಿಂದಿನ ದಿನ ಅವನ ಜೊತೆ ಪಂಕ್ಚರ್ ಅಂಗಡಿಯವನು ಜಗಳವಾಡಿದ್ದನ್ನು ನಾಲ್ಕು ಜನ ನೋಡಿದ್ದರಿಂದ, ಅವನನ್ನು ಹಿಡಿದು ಟಯರ್ ಕೀಳುವ ಸಲಾಕೆ, ಟಯರ್ ಲಿವರಿನಲ್ಲಿ ಹೊಡೆದೆ ಎಂದು ಒಪ್ಪಿಸಲು ನೇತುಹಾಕಿ ಬಡಿಯುತ್ತಿದ್ದಾರೆ. ಎಲ್ಲರೂ ಅಯ್ಯೋ ಅಂದರೆ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಚೌಕ ಎಷ್ಟಗಲ? ಕಿರುಬೆಳ್ಳಷ್ಟಾ, ಹೆಬ್ಬೆಳ್ಳಷ್ಟಾ?" ಕಿರುಬೆರಳಷ್ಟು ಎಂದಿದ್ದ ಕಂಡಕ್ಟರು. ಅರ್ಧ ಇಂಚು. ಆಗಲೇ ಅವರಿಗೆ ಅದು ರಾಚೆಟ್ಟು ಎಂದು ಗೊತ್ತಾಗಿತ್ತು. ಯಾರ ರಾಚೆಟ್ಟು ಎಂದು ಗೊತ್ತಾಗಬಾರದು ಎಂದು ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡು ನಮ್ಮಲ್ಲಿಗೆ ಬಂದಿದ್ದರು. ನಾನು ಗುರುತನ್ನು ತಿಕ್ಕಿ ತಿಕ್ಕಿ ಹೊಳೆಯಿಸಿ ಅವರ ಅಂಗೈಯಲ್ಲಿಟ್ಟೆ.

ನಡೆದದ್ದು ಆಮೇಲೆ ತಿಳಿಯಿತು. ಆ ಡ್ರೈವರು ತಮ್ಮನ ಶೆಡ್ಡಿಗೆ ಬಂದು, ಕೇಳದೆ ಆ ರಾಚೆಟ್ಟು ಎತ್ತಿಕೊಂಡು ಹೋಗಿ, ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ತನ್ನ ಲಾರಿಯ ಚಕ್ರದ ಪಿನ್ನು ಕುಟ್ಟಿದ್ದ. ಹಲ್ಲು ಮುರಿದ ಸದ್ದು ತಮ್ಮನಿಗೆ ಕೇಳಿಸಿತು. ಕಿತ್ತುಕೊಂಡ. ಅದರಿಂದಲೇ ಹೊಡೆದ. ಕೈಗೆ ಅಲ್ಲ, ತಲೆಗೆ. ಆಮೇಲೆ ಅದನ್ನು ಗುಜರಿಗೆ ಸೇರಿಸಿ ಸೈಕಲ್ಲಿನವನಿಗೆ ಹಾಕಿ, ಊರು ಬಿಟ್ಟ.

ನಮ್ಮವರು ಅಂಗಡಿಯ ಬಾಗಿಲು ಅರ್ಧ ಎಳೆದು ಬಂದರು. "ಮೇಸ್ತ್ರಿ, ಕೇಳಿ ಇಲ್ಲಿ. ಸಂಜೆ ಲೋಡು ಕುಲುಮೆಗೆ ಹೋಗ್ತದೆ. ಇದನ್ನ ಅದರೊಳಗೆ ಹಾಕ್ಬಿಡ್ತೀನಿ. ನಾಳೆ ಕರಗೋಗ್ತದೆ. ನೀವು ನೋಡಿಲ್ಲ, ನಾವು ನೋಡಿಲ್ಲ."

"ಟಯರ್ ಲಿವರಿಗೆ ಚೌಕ ಇರಕಿಲ್ಲ ಸಾಬ್ರೆ."

"ಅದು ಪೊಲೀಸ್ರಿಗೆ ಗೊತ್ತಾ?"

"ನಂಗ್ ಗೊತ್ತು."

"ಅಲ್ಲಾ, ತಮ್ಮ ಕಣ್ರೀ ಅವನು ನಿಮಗೆ!"

ಮೇಸ್ತ್ರಿ ನಮ್ಮ ಬಾಗಿಲ ಚೌಕಟ್ಟಿಗೆ ಮುಷ್ಟಿಯಿಂದ ಗುದ್ದಿದರು. ಒಂದು, ಎರಡು, ಮೂರು. ಗೆಣ್ಣು ಒಡೆದು ಮರದ ಮೇಲೆ ರಕ್ತ ಇಳಿಯಿತು. ಚೌಕಟ್ಟಿನಲ್ಲಿ ಈಗಲೂ ಸೀಳಿದೆ.

"ತಮ್ಮನ್ನ ತಮ್ಮ ಅಲ್ಲ ಅನ್ಬೋದು ಸಾಬ್ರೆ," ಅಂದರು. "ಇದನ್ನ ಇದಲ್ಲ ಅನ್ನಕ್ಕಾಗಕಿಲ್ಲ ನನ್ ಕೈಲಿ."

ಶೆಡ್ಡಿಗೆ ಹೋಗಿ ಪೆಟ್ಟಿಗೆ ತಗೊಂಡು, ನನ್ನ ಸೀರೆಯ ತುಂಡಿನಲ್ಲೇ ರಾಚೆಟ್ಟು ಸುತ್ತಿಕೊಂಡು ಬಸ್ಸು ಹತ್ತಿದರು. ಯಾವ ಠಾಣೆ ಅಂತ ಬರೆಯುವುದಿಲ್ಲ. ಪೆಟ್ಟಿಗೆ ತೆರೆದು ಖಾಲಿ ಗುಂಡಿಯಲ್ಲಿ ರಾಚೆಟ್ಟು ಇಟ್ಟರಂತೆ. ಟಕ್ ಎಂದು ಕೂತಿತಂತೆ. "ನನ್ ತಮ್ಮಂದು," ಅಂದರಂತೆ. ಅಧಿಕಾರಿ ಮೊದಲು ಕೆನ್ನೆಗೆ ಬಾರಿಸಿದ, ಕುಡಿದು ಬಂದಿದ್ದಾನೆ ಅಂತ. ಆಮೇಲೆ ನಂಬಿದ. ನಂಬಿದ ಮೇಲೆ ಕೇಳಿದ: "ರಕ್ತ ಎಲ್ಲಿ? ಯಾರು ತೊಳೆದದ್ದು?"

"ನಾನೇ ತೊಳ್ದೆ ಸ್ವಾಮಿ. ಅಭ್ಯಾಸ."

ಸಾಕ್ಷಿ ಅಳಿಸಿದ್ದಕ್ಕೆ ಎರಡು ದಿನ ಅಂಗಾಲಿಗೆ ಹೊಡೆದರು. ಪಂಕ್ಚರ್ ಅಂಗಡಿಯವನು ಹೊರಗೆ ಬಂದ, ಒಂದು ಕಿವಿ ಕಿವುಡಾಗಿತ್ತು. ತಮ್ಮನನ್ನು ಹುಲಿಯೂರುದುರ್ಗದ ನೆಂಟರ ಮನೆಯಿಂದ ಹಿಡಿದು ತಂದರು. ಮೂರನೆಯ ದಿನ ಮೇಸ್ತ್ರಿ ಪಾದದ ಅಂಚಿನ ಮೇಲೆ ಏಡಿಯ ಹಾಗೆ ನಡೆದುಕೊಂಡು ನಮ್ಮ ಹಿತ್ತಲಿಗೆ ಬಂದರು. ಹರಳೆಣ್ಣೆ ಬಿಸಿ ಮಾಡಿ ಕೊಟ್ಟೆ.

"ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಗುಜರಿ ಅಂಗ್ಡಿ ಹೆಂಗ್ಸು ಹುಣಸೆಹಣ್ಣಾಕಿ ನೆನೆಸಿದ್ಲು ಅಂತಾ? ಸಾರು ಮಾಡಿದ್ಲಾ ಅಂತ ಕೇಳೋರು." ನಗಲು ಹೋಗಿ ಕಾಲು ನೆಲಕ್ಕೆ ತಾಗಿ, ಉಸಿರು ಒಳಗೆ ಎಳೆದುಕೊಂಡರು.

ಕೋರ್ಟಿನಲ್ಲೂ ಹಾಗೆಯೇ ಹೇಳಿದರು. ನಮ್ಮವರು ಹೋಗಿದ್ದರು, ಬಂದು ಹೇಳಿದರು. ಕೊನೆಗೆ ಯಾರೂ ಕೇಳದಿದ್ದರೂ ಮೇಸ್ತ್ರಿ ಒಂದು ಮಾತು ಸೇರಿಸಿದರಂತೆ: "ಹೊಡ್ದೋನು ಅವ್ನು ಸ್ವಾಮಿ. ರಾಚೆಟ್ಟಲ್ಲಿ ಕುಟ್ಟಿದೋರ್ಗೆ ರಾಚೆಟ್ಟಲ್ಲೇ ಹೊಡೀಬೇಕು ಅಂತ ಕಲಿಸ್ದೋನು ನಾನು. ಅದನ್ನೂ ಬರ್ಕಳಿ." ಬರೆದುಕೊಳ್ಳಲಿಲ್ಲ.

ರಾಚೆಟ್ಟು ಕೋರ್ಟಿನಲ್ಲೇ ಉಳಿಯಿತು. ಪೆಟ್ಟಿಗೆ ವಾಪಸು ಬಂತು, ಗುಂಡಿ ಖಾಲಿ. ನಾನು ಆ ಮಡಕೆಯನ್ನು ಕಲ್ಲಿಗೆ ಕುಕ್ಕಿ ಒಡೆದೆ. ಮೇಸ್ತ್ರಿ ಸೀಮೆಎಣ್ಣೆಗೆ ಹಿಂತಿರುಗಿದರು. ಆಮೇಲೆ ಅವರು ಯಾರ ಮೇಲೂ ಕೈ ಎತ್ತಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಆರು ತಿಂಗಳೊಳಗೆ ಕುಣಿಗಲ್ಲಿನಲ್ಲಿ ಒಬ್ಬನ ಹಲ್ಲು ಉದುರಿಸಿ ಬಂದರು. ಒಂದು ವ್ಯತ್ಯಾಸ ಮಾತ್ರ: ಬರಿಗೈಯಲ್ಲಿ ಹೊಡೆದಿದ್ದರು. ಕೈಯಲ್ಲಿ ಸಾಮಾನಿದ್ದರೆ ಮೊದಲು ಕೆಳಗಿಟ್ಟು ಬಿಡುತ್ತಿದ್ದರಂತೆ.

ತಮ್ಮನಿಗೆ ಶಿಕ್ಷೆಯಾಗಿತ್ತು. ಮೇಸ್ತ್ರಿ ಜೈಲಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದರು. ತಮ್ಮ ಒಂದು ಸಲವೂ ಮುಖ ತೋರಿಸಲಿಲ್ಲ.

ಬಿಡುಗಡೆಯಾಗಿ ನೇರ ಬಂದದ್ದು ನಮ್ಮ ಅಂಗಡಿಗೆ. ಶೆಡ್ಡಿನಲ್ಲಿ ಅಣ್ಣ ಇಲ್ಲ, ಗುಜರಿಯಲ್ಲಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಮೇಸ್ತ್ರಿಗೆ ಆಗ ಅರವತ್ತರ ಹತ್ತಿರ. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಾಕೆಟ್ಟು ಹೆಕ್ಕುತ್ತಿದ್ದರು. ತಮ್ಮ ಹಿಂದಿನಿಂದ ಬಂದು ಒದ್ದ. ಮೇಸ್ತ್ರಿ ತಗಡಿನ ಮೇಲೆ ಮುಖಡಿ ಬಿದ್ದರು, ಹಣೆ ಕೊಯ್ದುಕೊಂಡಿತು. ತಿರುಗಿ ನೋಡಿದರು, ಯಾರೆಂದು ಕಂಡಿತು, ಕೈಯಲ್ಲಿದ್ದ ಸಾಕೆಟ್ಟನ್ನು ಪಕ್ಕಕ್ಕೆ ಇಟ್ಟರು. ಅಷ್ಟೇ. ಎದ್ದು ನಿಂತರು. ತಮ್ಮ ಹೊಟ್ಟೆಗೆ, ಪಕ್ಕೆಗೆ, ಬಾಯಿಗೆ ಗುದ್ದಿದ. ಆ ಮಡಚದ ಎರಡು ಬೆರಳು ಕೋಲಿನ ಹಾಗೆ ಹೊರಗೇ ನಿಂತಿದ್ದವು, ಪ್ರತಿ ಗುದ್ದಿಗೂ ಅವನಿಗೇ ನೋವಾಗುತ್ತಿತ್ತು, ಕಿರುಚುತ್ತಾ ಹೊಡೆಯುತ್ತಿದ್ದ. ಪಕ್ಕೆಲುಬು ಮುರಿದ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ನಮ್ಮವರು ಬಿಡಿಸಲು ಹೋದರು.

"ಬುಡಿ ಸಾಬ್ರೆ. ಹೊಡೀಲಿ," ಅಂದರು ಮೇಸ್ತ್ರಿ ರಕ್ತ ಉಗಿದು.

ತಮ್ಮ ರಾಶಿಯಿಂದ ಒಂದು ಸರಳು ಎತ್ತಿಕೊಂಡ. ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಆಗ ಕೇಳಿಸಿದ್ದು ಮೇಸ್ತ್ರಿಯ ದನಿ, ಕೆಲಸ ಹೇಳಿಕೊಡುವಾಗ ಇರುತ್ತಿದ್ದ ಅದೇ ದನಿ:

"ತಲೆಗೆ ಬ್ಯಾಡ ಕಣ್ಲಾ. ಮತ್ತೆ ಒಳಗೋಯ್ತೀಯ."

ಕಣ್ಣು ಬಿಟ್ಟಾಗ ಸರಳು ಕೆಳಗೆ ಬಿದ್ದಿತ್ತು. ತಮ್ಮ ತಗಡಿನ ಮೇಲೆ ಕೂತಿದ್ದ. ಮೇಸ್ತ್ರಿ ಒಂದು ಕೈಯಲ್ಲಿ ಪಕ್ಕೆ ಹಿಡಿದುಕೊಂಡು, "ಊಟ ಮಾಡಿದ್ಯೇನ್ಲಾ?" ಎಂದು ಕೇಳುತ್ತಿದ್ದರು.

ಅಂದಿನಿಂದ ಮೊನ್ನೆಯವರೆಗೆ ಇಬ್ಬರೂ ಒಂದೇ ಶೆಡ್ಡಿನಲ್ಲಿದ್ದರು. ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹದಿಮೂರರ ಸಾಕೆಟ್ಟು ಕೊಡು, ಹದಿನೇಳರದು ಕೊಡು, ಇಷ್ಟೇ.

ಇಷ್ಟು ವರ್ಷ ನನ್ನೊಳಗೆ ಒಂದು ಮುಳ್ಳಿತ್ತು. ಮೇಸ್ತ್ರಿ ತಮ್ಮನ ಕೈಯಲ್ಲಿ ಆ ಪೆಟ್ಟು ತಿಂದದ್ದು, ಗುರುತು ತೊಳೆದು ತೋರಿಸಿದವನು ತಾನೇ ಎಂದು ಹೇಳಿಕೊಂಡಿದ್ದಕ್ಕೆ. ತೊಳೆದವಳು ನಾನು. ಹೇಳದಿರಲು 'ಅವರೇ ನನ್ನ ಹೆಸರು ಮುಚ್ಚಿಟ್ಟಿದ್ದಾರೆ' ಎಂಬ ನೆಪವೊಂದಿತ್ತು. ಇವತ್ತು ಆ ನೆಪವೂ ಹೋಯಿತು.

ತಮ್ಮ ಚಾಪೆಯ ಅಂಚಿನಲ್ಲಿ ಕೂತು ಪೆಟ್ಟಿಗೆ ತೆರೆದ. ಹದಿನೇಳು ಸಾಕೆಟ್ಟು, ಖಾಲಿ ಗುಂಡಿ. ಚೀಲದಿಂದ ತುಕ್ಕು ಹಿಡಿದ ಒಂದು ರಾಚೆಟ್ಟು ತೆಗೆದ. ಮೇಸ್ತ್ರಿ ಹೋದ ವಾರ ಕುಣಿಗಲ್ಲಿನಿಂದ ತಂದದ್ದಂತೆ. ಇಬ್ಬರ ಕಣ್ಣಿಗೂ ಗುರುತು ಕಂಡಿಲ್ಲ. ಅದನ್ನು ಕೈಯಲ್ಲಿ ಹಿಡಿದು ಆಡಿಸುತ್ತಾ ಕೂತ. ಆ ಕೈಯನ್ನೇ ನೋಡುತ್ತಾ ನಾನು ಹೇಳಿದೆ:

"ಅವತ್ತು ಅದನ್ನ ತೊಳೆದದ್ದು ನಿಮ್ಮಣ್ಣ ಅಲ್ಲ ಕಣಪ್ಪ. ನಾನು. ಏನು ಅಂತ ಗೊತ್ತಿಲ್ದೆ ಹುಣಸೆ ನೀರಿಗೆ ಹಾಕಿದ್ದೆ. ಗುರುತು ಎದ್ದಿದ್ದು ನನ್ನಿಂದ. ನೀನು ಅವರನ್ನ ಹೊಡೆಯೋವಾಗ್ಲೂ ನಾನು ಬಾಯಿ ಬಿಡಲಿಲ್ಲ."

ಕೈ ಆಡುವುದು ನಿಂತಿತು. ರಾಚೆಟ್ಟು ಅವನ ಮುಷ್ಟಿಯಲ್ಲೇ ಇತ್ತು. ನಮ್ಮವರು ಅಂಗಡಿಯಲ್ಲಿದ್ದರು, ಕರೆಯಬಹುದಿತ್ತು, ಕರೆಯಲಿಲ್ಲ.

"ಗೊತ್ತಕ್ಕ," ಅಂದ.

"ಹೇಗೆ?"

"ಕೋರ್ಟಲ್ಲಿ ನನ್ ಮುಂದಿಟ್ಟು 'ಇದು ನಿಂದಾ' ಅಂದ್ರಲ್ಲ. ಸೀಮೆಎಣ್ಣೇಲಿ ಉಜ್ಜಿದ್ ಕಬ್ಣ ಮಿಂಚ್ತದೆ. ಹುಳೀಲಿ ನೆನೆದಿದ್ದು ಬೂದಿ ಬಣ್ಣ ಬತ್ತದೆ. ಅಣ್ಣ ಹುಳಿ ಮುಟ್ಟೋನಲ್ಲ, ಹುಣಸೆ ಮಡಕೆ ಇದ್ದಿದ್ದು ನಿಮ್ ಹಿತ್ಲಲ್ಲಿ. 'ನಾನೇ ತೊಳ್ದೆ' ಅಂದಾಗ್ಲೇ ಸುಳ್ಳು ಅಂತ ಗೊತ್ತಾಯ್ತು. ಜನ್ಮದಲ್ಲಿ ಸಾಮಾನಿನ ಬಗ್ಗೆ ಅವ್ನು ಹೇಳಿದ್ದು ಅದೊಂದೇ ಸುಳ್ಳು."

"ಮತ್ತೆ ಅವರನ್ನ ಯಾಕೆ ಹೊಡೆದೆ?"

ಅವನು ಎಡಗೈ ಎತ್ತಿ ಆ ಎರಡು ಬೆರಳು ನೋಡಿಕೊಂಡ. "ಜೈಲಿಗಲ್ಲ ಅಕ್ಕ. ಇದಕ್ಕೆ."

ಆಮೇಲೆ ರಾಚೆಟ್ಟನ್ನು ನನ್ನ ಮುಂದೆ, ಬೀಜ ತೆಗೆದ ಹುಣಸೆಯ ಪಕ್ಕದಲ್ಲಿ ಇಟ್ಟ. "ನೆನೆ ಹಾಕಿ. ಯಾರ್ದು ಅಂತ ನೋಡಾನ."

ಬೇರೆ ಮಡಕೆ ಇರಲಿಲ್ಲ. ಒಂದು ಹಳೇ ಮಣ್ಣಿನ ಬೋಗುಣಿ ತೊಳೆದು, ಹೊಸ ಹುಣಸೆ ಕಿವುಚಿ ನೀರು ಹಾಕಿ, ಸಂದಿಯಲ್ಲಿ ಏನಾದರೂ ಇದೆಯಾ ಎಂದು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಮುಳುಗಿಸಿದೆ.

ಮಿಕ್ಕ ಹುಣಸೆಯ ಬೀಜ ಅವನೇ ಕುಟ್ಟಿ ತೆಗೆದುಕೊಟ್ಟ. ಹೊತ್ತು ಮುಳುಗುವ ಮುಂಚೆಯೇ ಮುದ್ದೆ ಮಾಡಿದೆ, ಹುರುಳಿ ಕಟ್ಟಿನ ಸಾರು, ಒಂದು ಈರುಳ್ಳಿ. ಸೂತಕದ ಮನೆಯವನು, ತಿನ್ನುತ್ತಾನೋ ಇಲ್ಲವೋ ಎಂದುಕೊಂಡಿದ್ದೆ. ಎರಡು ಮುದ್ದೆ ತಿಂದ. ನಮ್ಮವರು ಒಂದೂವರೆ, ನಾನು ಅರ್ಧ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲವಂತೆ. ಕೈ ತೊಳೆದು ಬಂದವನು ಅಂಗಡಿಯ ಬೆಂಚಿನ ಮೇಲೆ ಹಾಗೇ ಉರುಳಿದ, ಪೆಟ್ಟಿಗೆ ತಲೆಯಡಿಗೆ ಇಟ್ಟುಕೊಂಡು. ಎಲ್ಲರಿಗಿಂತ ಮೊದಲು ನಿದ್ದೆ ಹೋದವನು ಅವನೇ. ಎಡಗೈ ಬೆಂಚಿನಿಂದ ಕೆಳಗೆ ಜೋತಿತ್ತು, ನಿದ್ದೆಯಲ್ಲೂ ಆ ಎರಡು ಬೆರಳು ಮಡಚಿರಲಿಲ್ಲ. ಆಮೇಲೆ ನಮ್ಮವರು ಮಲಗಿದರು. ನಾನು ಬೋಗುಣಿಯ ಮೇಲೆ ತಟ್ಟೆ ಮುಚ್ಚಿ ಬಂದು ಇದನ್ನು ಬರೆದೆ.